ಹದಿನೈದು ನಿಮಿಷದ ನೀರು

ಶವಪೆಟ್ಟಿಗೆಯನ್ನು ರೂಢಿಯಂತೆ ಬಾಗಿಲಿಗೆ ಮೂರು ಸಲ ತಾಗಿಸಿ ಹೊರಗೆ ತಂದರು. ಮುಚ್ಚಳವನ್ನು ಹೊತ್ತವರು ಮುಂದೆ ಹೋದರು. ತೆರೆದ ಪೆಟ್ಟಿಗೆಯಲ್ಲಿ ತ್ಸಿಯಾಲಾ ಜನವರಿಯ ಆಕಾಶಕ್ಕೆ ಮುಖಮಾಡಿ ಮಲಗಿದ್ದಳು. ಮಗಳು ನಜಿಗೆ ಅಳು ಬಂದಿರಲಿಲ್ಲ. ಹಲ್ಲು ಕೀಳಿಸಿಕೊಂಡ ದವಡೆಯ ಹಾಗೆ ಇಡೀ ಮೈ ಜೋಮು ಹಿಡಿದಿತ್ತು.

“ಮಾವ, ಸ್ನಾನಗೃಹದ ಕಡೆಯಿಂದ ಹೋಗೋಣ,” ಎಂದಳು.

ತ್ಸಿಯಾಲಾಳ ತಮ್ಮ ಓತಿಯಾ ತಿರುಗಿದ. “ಅಲ್ಲೇನಿದೆ ಈಗ? ದನ ಮೇಯ್ತಿವೆ. ಗುಡ್ಡದ ಮೇಲೆ ಸ್ಮಶಾನದಲ್ಲಿ ಪಾದ್ರಿ ನಡುಗ್ತಾ ನಿಂತಿರ್ತಾನೆ.”

“ನಡುಗ್ಲಿ ಬಿಡೋ,” ಎಂದಳು ವೆನೇರಾ, ತ್ಸಿಯಾಲಾಳ ಜೊತೆ ಮೂವತ್ತು ವರ್ಷ ಆ ಸ್ನಾನಗೃಹದಲ್ಲಿ ದುಡಿದವಳು. “ಅವನ ಕೊಬ್ಬು ದಾಟಿ ಚಳಿ ಒಳಗೆ ಹೋಗೋಕೇ ಸಂಜೆ ಆಗುತ್ತೆ. ಕೆಲಸ ಮಾಡಿದ ಜಾಗದ ಮುಂದೆ ನಿಲ್ಲಿಸದೆ ಯಾರಾದ್ರೂ ಒಯ್ತಾರೇನೋ?”

ಸುತ್ತುಹಾದಿಯಲ್ಲೇ ಹೊರಟರು.

*

ಸೋವಿಯತ್ ಕಾಲದಲ್ಲಿ ಮಾಸ್ಕೋದಿಂದ ಈ ತ್ಸ್ಕಾಲ್ತುಬೊ ಊರಿಗೆ ನೇರ ರೈಲು ಬರುತ್ತಿತ್ತು. ಇಲ್ಲಿನ ಬುಗ್ಗೆಯ ನೀರಲ್ಲಿ ಕೂರಲು ಕೀಲುನೋವಿನವರು ಹೆಗಲ ಮೇಲೆ ಟವೆಲು ಹಾಕಿಕೊಂಡು ಸಾಲು ನಿಲ್ಲುತ್ತಿದ್ದರು. ತ್ಸಿಯಾಲಾ ಮರಳುಗಡಿಯಾರ ತಿರುಗಿಸಿಟ್ಟು, ಹದಿನೈದು ನಿಮಿಷಕ್ಕೆ ಸರಿಯಾಗಿ, “ಏಳಿ ಜನರಲ್ ಸಾಹೇಬ್ರೆ, ಪದಕ ಏನಿದ್ರೂ ಬಟ್ಟೆ ಮೇಲೆ!” ಎನ್ನುವಳು. ಕೆಲಸದವರು ಮಾತ್ರ ನೀರಿಗೆ ಇಳಿಯುವಂತಿರಲಿಲ್ಲ.

ಸೋವಿಯತ್ ದೇಶ ಒಡೆಯಿತು, ಜಾರ್ಜಿಯಾದಲ್ಲಿ ಯುದ್ಧವಾಯಿತು. ರೈಲು ನಿಂತಿತು. ಆರೋಗ್ಯಧಾಮಗಳ ಕೋಣೆಗಳಲ್ಲಿ ಮನೆ ಕಳೆದುಕೊಂಡು ಬಂದವರು ಒಲೆ ಹೂಡಿದರು. ಬಾಗಿಲು, ನಲ್ಲಿ ಎಲ್ಲ ಕಳುವಾದವು. ಬುಗ್ಗೆ ಹರಿಯುತ್ತಲೇ ಇತ್ತು.

“ಸತ್ತ ಮೇಲೆ ಆ ನೀರಲ್ಲಿ ತೊಳೀ ನನ್ನ. ಆಗ ಯಾರು ಬೇಡ ಅಂತಾರೆ?” ಎಂದಿದ್ದಳು ಅಮ್ಮ ಕಳೆದ ವಾರ. ನಜಿ ಹೂಂ ಅಂದಿದ್ದಳು. ಆದರೆ ಮೊನ್ನೆ ಹೆಂಗಸರು ಮೈ ತೊಳೆಯಲು ಬಂದಾಗ ಮನೆಯ ನಲ್ಲಿ ನೀರನ್ನೇ ಕಾಯಿಸಿ ಕೊಟ್ಟಳು. ಮಾತು ನೆನಪಾದಾಗ ಅಮ್ಮನಿಗೆ ಹೊಸ ಬಟ್ಟೆ ತೊಡಿಸಿ ಆಗಿತ್ತು.

*

ಸ್ನಾನಗೃಹದ ಮುಂದೆ ಪೆಟ್ಟಿಗೆಯನ್ನು ಜೊತೆಗೆ ತಂದಿದ್ದ ಎರಡು ಸ್ಟೂಲುಗಳ ಮೇಲೆ ಇಳಿಸಿದರು. ನಜಿ ನೇರ ಒಳಕ್ಕೆ ನಡೆದಳು.

“ಎಲ್ಲಿಗೇ?” ಓತಿಯಾ ಕೂಗಿದ. “ಛಾವಣಿ ಬಿದ್ರೆ ಇವತ್ತೇ ಇನ್ನೊಂದು ಗುಂಡಿ ತೋಡ್ಬೇಕಾಗುತ್ತೆ!”

ತೊಟ್ಟಿಯಲ್ಲಿ ಎಲೆ ಕೊಳೆತಿತ್ತು. ತಳದಿಂದ ನೀರು ಉಕ್ಕುತ್ತಿತ್ತು. ತಲೆಯ ಕಪ್ಪು ವಸ್ತ್ರ ಬಿಚ್ಚಿ ಅದ್ದಿದಳು. ಬಿಸಿಯೂ ಅಲ್ಲ, ತಣ್ಣಗೂ ಅಲ್ಲ. ಕೈ ಮುಳುಗಿದ್ದೇ ತಿಳಿಯಲಿಲ್ಲ. ಹೊರಗೆ ಓಡಿಬಂದು ಅಮ್ಮನ ಬೆರಳುಗಳನ್ನು ಒರೆಸತೊಡಗಿದಳು.

“ತೊಳೆದಾಗಿದೆಯಲ್ಲೇ ಹುಡುಗಿ,” ಎಂದಳು ವೆನೇರಾ ಮೆಲ್ಲಗೆ.

“ಆಗಿಲ್ಲ. ನಾನು ನಲ್ಲಿ ನೀರು ಕೊಟ್ಟಿದ್ದೆ.”

 ವೆನೇರಾ ಬಾಗಿ ಗೆಳತಿಯ ಅಂಗಿತೋಳಿನ ಗುಂಡಿ ಬಿಚ್ಚಿ, ಮೊಣಕೈವರೆಗೆ ಮಡಿಸಿದಳು. “ಹೂಂ, ಒರೆಸು.”

ಚಳಿಗಾಳಿಯಲ್ಲಿ ತ್ಸಿಯಾಲಾಳ ತೋಳಿನಿಂದ ತೆಳ್ಳಗೆ ಹಬೆ ಎದ್ದಿತು. ಪೆಟ್ಟಿಗೆ ಎತ್ತಲು ಬಗ್ಗಿದ್ದ ನಾಲ್ವರೂ ಕೈ ಹಿಂದಕ್ಕೆ ತೆಗೆದುಕೊಂಡು, ತೋಳು ಆರುವವರೆಗೂ ನಿಂತರು.