ಬಲಕ್ಕೆ ಹೋದ ಗೋಪುರ

ಮಾಯ್ಕೆ ಕುರ್ಚಿ ಹತ್ತಿ ಕೊನೆಯ ಚಿತ್ರವನ್ನೂ ಗೋಡೆಗೆ ಮುಖ ಮಾಡಿ ತಿರುಗಿಸಿದಳು. ಸಾವಿನ ಮನೆಯಲ್ಲಿ ಚಿತ್ರ, ಕನ್ನಡಿ ಯಾವುದೂ ಹೆಣದತ್ತ ನೋಡಬಾರದು. ಗಂಡ ಲುಬರ್ಟ್ ಪೆಟ್ಟಿಗೆಯೊಳಗೆ ಮಲಗಿದ್ದ. ಬದುಕಿದ್ದಾಗಲೂ ಮನೆಗೆಲಸಕ್ಕೆ ಕೈ ಹಾಕಿದವನಲ್ಲ.

"ಅತ್ತಿಗೆ, ಕಿಟಕೀದು?" ಎಂದ ಮೈದುನ ಯೋರಿಸ್.

"ಅದು ಚಿತ್ರ ಅಲ್ಲ, ತೇಪೆ. ಒಡೆದ ಗಾಜು ಬದಲಾಯಿಸಿ ಅಂದ್ರೆ, ನಿಮ್ಮಣ್ಣ ತಾವೇ ಅಚ್ಚು ಹಾಕಿದ ಊರಿನ ಹಾಳೆಗೆ ಎಣ್ಣೆ ಸವರಿ ಅಂಟಿಸಿದ್ರು."

"ಜನ ಆಡ್ಕೋತಾರೆ."

"ಈ ಮನೆಗೆ ಅದೇನು ಹೊಸದಾ?"

ಯೋರಿಸ್ ಮೇಜಿನ ಮೇಲಿದ್ದ ತಾಮ್ರದ ತಗಡನ್ನು ತಟ್ಟಿದ. "ಅದರ ಮೂಲ ಇದೇ ಅಲ್ವಾ? ಉಜ್ಜಿ ನುಣ್ಣಗೆ ಮಾಡಿ ಬೇರೆ ಚಿತ್ರ ಕೊರೀತೀನಿ. ಈ ತಿರುಗುಮುರುಗು ಊರು ಯಾರಿಗೆ ಬೇಕು?"

"ಉಜ್ಜಬೇಡ ಅಂತ ಕೈ ಹಿಡಿದು ಕೇಳ್ಕೊಂಡ್ರು. ಸಾಯೋ ಹೊತ್ತಲ್ಲೂ ನನ್ನ ಮಾತಿಲ್ಲ, ತಗಡಿನ ಮಾತು."

"ನೀವೇನಂದ್ರಿ?"

"ನೋಡೋಣ ಅಂದೆ." ಮಾಯ್ಕೆ ಕುರ್ಚಿ ಇಳಿದಳು. "ಮಣ್ಣು ಮಾಡಿ ಬಂದ್ಮೇಲೆ ತಗೊಂಡು ಹೋಗು. ನನಗೂ ಸಾಕಾಗಿದೆ."

*

ವರ್ಷಗಳ ಹಿಂದೆ ಮರಳುದಿಬ್ಬದ ಮೇಲೆ ಕೂತು ಲುಬರ್ಟ್ ಮೇಣ ಹಚ್ಚಿದ ತಗಡಿನಲ್ಲಿ ಸೂಜಿಯಿಂದ ಗೀಚುತ್ತಿದ್ದ. ಎಡಕ್ಕೆ ಅವರೂರು ಹಾರ್ಲೆಮ್‌ನ ಚರ್ಚಿನ ಗೋಪುರ. ಬಲಕ್ಕೆ ಮಾಯ್ಕೆಯ ತವರಿನವರು ಬಿಳುಪಾಗಲೆಂದು ಹುಲ್ಲಿನ ಮೇಲೆ ಹಾಸಿದ ಬಟ್ಟೆಗಳು.

"ಅಚ್ಚು ಹಾಕಿದ್ರೆ ಎಡ ಬಲ ಅದಲು ಬದಲಾಗುತ್ತೆ. ಎಲ್ಲರ ಹಾಗೆ ತಿರುಗಿಸಿ ಗೀಚಬಾರದಾ?" ಎಂದಳು ಪಕ್ಕದಲ್ಲಿ ಕೂತ ಮಾಯ್ಕೆ.

"ಎಡಕ್ಕೆ ಕಾಣೋದನ್ನ ಬಲಕ್ಕೆ ಹೆಂಗೆ ಗೀಚ್ಲಿ? ಕೈ ಕೇಳಲ್ಲ ಕಣೇ."

"ಕೈ ಅಲ್ಲ, ನೀವು ಕೇಳಲ್ಲ."

ಅಚ್ಚಿನಲ್ಲಿ ಗೋಪುರ ಬಲಕ್ಕೆ ಹೋಯಿತು. "ಇದ್ಯಾವೂರು ಲುಬರ್ಟ್?" ಎಂದು ಸಂತೆಯವರು ಕೇಳಿದರು. ಮೂವತ್ತು ವರ್ಷ ಕೇಳಿದರು. "ತಾಮ್ರದ ಮೇಲೆ ಸರಿಯಾಗಿದೆ," ಎಂದು ಅವನೂ ಮೂವತ್ತು ವರ್ಷ ಅದನ್ನೇ ಹೇಳಿದ.

*

ಗಂಡಸರು ಪೆಟ್ಟಿಗೆ ಎತ್ತುವ ಮೊದಲು ಮಾಯ್ಕೆ ಗೊಣಗುತ್ತಲೇ ಕಿಟಕಿಯ ಹಾಳೆಯನ್ನು ಕಿತ್ತು, ಬೀದಿಗೆ ಮುಖ ಮಾಡಿ ಅಂಟಿಸಿದಳು. ಎಣ್ಣೆ ಕುಡಿದ ಕಾಗದದೊಳಗಿಂದ ಬಿಸಿಲು ತೂರಿತು. ಅವಳು ಅಲ್ಲೇ ನಿಂತುಬಿಟ್ಟಳು.

ಮಣ್ಣು ಮಾಡಿ ಬಂದವರು ಬಿಯರು ಕುಡಿದು ಕಣ್ಣೊರೆಸಿಕೊಂಡು ಹೋದರು. ಯೋರಿಸ್ ಚಿತ್ರಗಳನ್ನು ಒಂದೊಂದಾಗಿ ಮೊದಲಿನಂತೆ ತಿರುಗಿಸುತ್ತ ಕಿಟಕಿಗೆ ಬಂದ.

"ಅದನ್ನ ಮುಟ್ಟಬೇಡ."

"ಬೀದಿ ಕಡೆ ನೋಡ್ತಿದೆಯಲ್ಲ ಅತ್ತಿಗೆ."

"ನೋಡ್ಲಿ ಬಿಡು."

"ಮತ್ತೆ ತಗಡು?"

"ಇನ್ನೊಂದು ಲೋಟ ಬಿಯರ್ ಕುಡಿದು ಮನೆಗೆ ಹೋಗಪ್ಪ."

ಅವನು ಹೋದ ಮೇಲೆ ಮಾಯ್ಕೆ ತಗಡನ್ನು ಮಡಿಲಲ್ಲಿಟ್ಟುಕೊಂಡು ಕಿಟಕಿಗೆ ಎದುರಾಗಿ ಕೂತಳು. ಒಡೆದ ಗಾಜಿನ ಸಂದಿಯಿಂದ ಗಾಳಿ ನುಗ್ಗಿ ಹಾಳೆ ಪಟಪಟ ಅನ್ನುತ್ತಿತ್ತು. ಮಡಿಲ ತಾಮ್ರದಲ್ಲಿ ಗೋಪುರ ಎಡಕ್ಕೆ. ಕಿಟಕಿಯ ಬೆಳಕಿನಲ್ಲಿ, ಹಾಳೆಯ ಹಿಂಬದಿಯಿಂದಲೂ ಎಡಕ್ಕೆ. ಬಲಕ್ಕೆ, ಅವಳಮ್ಮ ಹಾಸಿದ ಬಟ್ಟೆಗಳು ಬೆಳ್ಳಗೆ ಒಣಗುತ್ತಿದ್ದವು.