ಹೊಲಿಯಬೇಕಾಗಿದ್ದ ಪುಸ್ತಕ

ದಮಯಂತಿ ತಮ್ಮನ ಹಾಸಿಗೆಯನ್ನು ಸುತ್ತಿ, ಬಿಚ್ಚಿಕೊಳ್ಳದಂತೆ ಅವನದೇ ಪಂಚೆಯಿಂದ ಕಟ್ಟಿ ಬಾಗಿಲಿಗೆ ತಂದಿಟ್ಟಳು. ಸತ್ತವರ ಹಾಸಿಗೆ, ತಲೆದಿಂಬು ಹೆಣದ ಜೊತೆಗೇ ಹೋಗಬೇಕು, ಮನೆಯಲ್ಲಿ ಉಳಿಯಬಾರದು. ಹೊತ್ತು ಏರಿತೆಂದು ಸೋದರಮಾವ ಸಂಕಪ್ಪ ಅವಸರ ಮಾಡುತ್ತಿದ್ದರು.

ತೀರ್ಥರಾಮ ಸಾಯುವ ವಯಸ್ಸಿನವನೇನಲ್ಲ. ಮಂಗಳೂರಿನ ಕಂಪೆನಿಯೊಂದರಲ್ಲಿ ಕಂಪ್ಯೂಟರಿಗೆ ಪ್ರೋಗ್ರಾಂ ಬರೆಯುತ್ತಿದ್ದವನು, ಮೂತ್ರಪಿಂಡ ಕೈಕೊಟ್ಟ ಮೇಲೆ ಕಡಬ ಪೇಟೆಯಲ್ಲಿ ಅಕ್ಕ ಬಟ್ಟೆ ಹೊಲಿಯುತ್ತಿದ್ದ ಬಾಡಿಗೆ ಕೋಣೆಗೆ ಬಂದು ಮಲಗಿದ್ದ. ಹೊರಗೆ ನಿಂತವರಿಗೆ ಅವನ ಕೆಲಸ ಏನೆಂದೇ ಸರಿಯಾಗಿ ಗೊತ್ತಿರಲಿಲ್ಲ. ರೇಡಿಯೋ ರಿಪೇರಿ ಎಂದು ಒಬ್ಬರು, ಟೈಪಿಂಗ್ ಎಂದು ಇನ್ನೊಬ್ಬರು. ಎಲ್ಲರಿಗೂ ಗೊತ್ತಿದ್ದದ್ದು, ಮೀಸೆ ನರೆಯತೊಡಗಿದರೂ ಮಕ್ಕಳ ಚಿತ್ರಪುಸ್ತಕ ಓದಿ ಒಬ್ಬನೇ ನಗುತ್ತಿದ್ದನೆಂಬುದು ಮಾತ್ರ.

"ಪಾಪದವ, ಯಾರ ತಂಟೆಗೂ ಹೋದವನಲ್ಲ. ತಲೆ ಮಾತ್ರ ಸ್ವಲ್ಪ..." ಎಂದು ನೆರೆಯ ಬೋಜಪ್ಪ ಅರ್ಧಕ್ಕೆ ನಿಲ್ಲಿಸಿದರು. ದಮಯಂತಿಗೆ ಕೇಳಿಸಿತು. ಅವಳು ಪಂಚೆಯ ಗಂಟನ್ನು ಇನ್ನಷ್ಟು ಬಿಗಿದಳು.

*

ಪುತ್ತೂರಿನ ಗುಜರಿ ಅಂಗಡಿಯ ಪೋಕರ್, ರದ್ದಿಯಲ್ಲಿ ಬಂದ ಇಂಗ್ಲಿಷ್ ಕಾಮಿಕ್ಸು, ಆಕಾಶಯಾನದ ಕತೆಗಳನ್ನೆಲ್ಲ ತೀರ್ಥರಾಮನಿಗೆಂದೇ ತೆಗೆದಿಡುತ್ತಿದ್ದ. ಹೆಚ್ಚಿನವಕ್ಕೆ ತಲೆಯಿದ್ದರೆ ಬಾಲವಿಲ್ಲ. ಸಂಜೆ ತೀರ್ಥರಾಮ ಅಕ್ಕನ ಹೊಲಿಗೆ ಯಂತ್ರದ ಪಕ್ಕ ಕೂತು, ಚಿತ್ರ ತೋರಿಸುತ್ತ ಮನೆಮಾತಿನಲ್ಲಿ ಕತೆ ಹೇಳುವನು. ಪುಟ ಮುಗಿದಲ್ಲಿಂದ ಮುಂದಿನದನ್ನು ತಾನೇ ಕಟ್ಟುವನು. ಮಂಗಳಗ್ರಹದವರು ದಾರಿ ತಪ್ಪಿ ಪಕ್ಕದ ಆಲಂಕಾರಿನಲ್ಲಿ ಇಳಿದು ಗೋಳಿಬಜೆ ತಿನ್ನುವರು. ನಕ್ಕು ನಕ್ಕು ಅವಳು ರವಿಕೆಯ ಎಡಬದಿಗೆ ಬಲತೋಳು ಹೊಲಿದದ್ದುಂಟು.

"ನಮ್ಮ ಕಂಪೆನಿಯ ಯಂತ್ರ, ಪ್ರೋಗ್ರಾಮಿನ ತೂತು ಕಾರ್ಡು ಒಂದು ತಪ್ಪಿದ್ರೆ ಅಲ್ಲೇ ನಿಲ್ತದೆ ಅಕ್ಕ. ಕತೆ ಹಾಗಲ್ಲ, ಹೇಗೂ ಓಡಿಸ್ಬಹುದು" ಎನ್ನುತ್ತಿದ್ದ.

ಒಂದನ್ನು ಮಾತ್ರ ಓಡಿಸಲಿಲ್ಲ. ಕೆಟ್ಟ ನೌಕೆಯಲ್ಲಿ ಒಂಟಿಯಾದ ಯಾತ್ರಿಕ, ಅವನಿಗೆ ತಮಾಷೆ ಹೇಳುತ್ತ ಧೈರ್ಯ ತುಂಬುವ ಯಂತ್ರ. ಯಾತ್ರಿಕ ಬಾಗಿಲ ಹಿಡಿಗೆ ಕೈಯಿಡುವಲ್ಲಿ ಪುಸ್ತಕ ಹರಿದಿತ್ತು, ಉಳಿದರ್ಧ ಇರಲಿಲ್ಲ. ಮುಂದೇನೆಂದು ಅವಳು ಕೇಳಿದಳು.

"ಇದರದ್ದು ಸುಳ್ಳು ಹೇಳುದಿಲ್ಲ. ಪೋಕರ್ ಹುಡುಕ್ತಾನೆ. ಬಂದ ದಿನ ನೀನು ಎರಡನ್ನೂ ಸೇರಿಸಿ ಹೊಲಿ. ಆಮೇಲೆ ಓದುವ."

ಹೊಲಿದು ಕೊಡುತ್ತೇನೆಂದು ಅವಳು ಮಾತು ಕೊಟ್ಟಳು. ಮುದುರಿದ ಹಾಳೆ ನೇರವಾಗಲೆಂದು ಅವನು ಆ ಅರ್ಧವನ್ನು ಹಾಸಿಗೆಯ ಗವಸಿನೊಳಗೆ ತೂರಿಸಿ ಅದರ ಮೇಲೆಯೇ ಮಲಗಿದ. ಕಾಯಿಲೆ ಏರಿ ಮಾತು ಕಡಿಮೆಯಾದ ಮೇಲೂ ಪುತ್ತೂರು ಬಸ್ಸಿನ ಸದ್ದಾದರೆ ಬಾಗಿಲ ಕಡೆ ನೋಡುತ್ತಿದ್ದ.

*

ಗಂಡಸರು ಹೆಣ ಎತ್ತಿಕೊಂಡು ಹೋದ ಮೇಲೆ ದಮಯಂತಿ ನೆಲ ತೊಳೆಯುತ್ತಿದ್ದಳು. ಬಸ್ಸಿಳಿದ ಪೋಕರ್ ನಗುತ್ತಲೇ ಬಂದ. ಸುದ್ದಿ ಅವನಿಗೆ ಮುಟ್ಟಿರಲಿಲ್ಲ.

"ಸಿಕ್ಕಿತು ಅಕ್ಕ. ತೀರ್ಥಣ್ಣ ಎಲ್ಲಿ?"

ಒದ್ದೆ ನೆಲ, ಹಾಸಿಗೆಯಿದ್ದಲ್ಲಿ ಉರಿಯುತ್ತಿದ್ದ ದೀಪ ನೋಡಿ ಅವನು ಹೊಸ್ತಿಲಲ್ಲೇ ಕೂತ. ಅವಳು ಕೈಯೊರೆಸಿಕೊಂಡು ಅವನು ತಂದ ಹರಿದ ಕೊನೆಯರ್ಧವನ್ನು ತೆಗೆದುಕೊಂಡಳು. ಇನ್ನರ್ಧ ಎಲ್ಲಿದೆಯೆಂಬುದು ಆಗ ನೆನಪಾಯಿತು. ಸುತ್ತಿ ಕಟ್ಟಿ ಕೊಟ್ಟದ್ದು ತಾನೇ.

ಹೆಂಗಸರು ಕಾಲಿಡದ ಹೊಳೆಬದಿಯ ಸ್ಮಶಾನಕ್ಕೆ ಅವಳು ಓಡಿದಳು. ಸಂಕಪ್ಪ ಅಡ್ಡ ಬಂದರು.

"ಹಾಸಿಗೆಯೊಳಗೆ ಅವನ ಪುಸ್ತಕ ಉಂಟು ಮಾವ."

"ಅದನ್ನು ಮೊದಲೇ ಹಾಕಿಯಾಯ್ತು ಮಗಳೇ. ಬೂರುಗದ ಹತ್ತಿ, ಉರಿದದ್ದೇ ಗೊತ್ತಾಗ್ಲಿಲ್ಲ."

ಒಂದು ಪುಸ್ತಕ ತಾನೇ, ಬೇರೆ ತರುವ ಎಂದು ಅವರು ಸಮಾಧಾನ ಹೇಳಿದರು. ಬೆಳಗಿನಿಂದ ಬಾರದಿದ್ದ ಅಳು ಅವಳಿಗೆ ಆಗ ಬಂತು.

ಮರಳಿ ಬಂದಾಗ ಪೋಕರ್ ಕೂತಲ್ಲೇ ಇದ್ದ. ಓದಲು ಬರುತ್ತದೆಯೇ ಎಂದು ಅವಳು ಕೇಳಿದಳು.

"ಇಂಗ್ಲಿಷ್ ನನಗೆಲ್ಲಿಂದ ಅಕ್ಕ. ತೀರ್ಥಣ್ಣನೇ ಕತೆ ಹೇಳ್ತಿದ್ರು."

ಇಬ್ಬರೂ ಚಿತ್ರ ನೋಡುತ್ತ ಹೋದರು. ನೌಕೆಯ ಬಾಗಿಲು ತೆರೆದಿತ್ತು, ಆಚೆ ಬರೀ ಕಪ್ಪು. ಯಂತ್ರ ಏನೋ ಹೇಳುತ್ತಿತ್ತು. ಕೊನೆಯ ಚಿತ್ರದಲ್ಲಿ ಯಾತ್ರಿಕ ಹೊಟ್ಟೆ ಹಿಡಿದು ನಗುತ್ತಿದ್ದ. ಯಾಕೆಂದು ಇಬ್ಬರಿಗೂ ತಿಳಿಯಲಿಲ್ಲ.

ದಮಯಂತಿ ಸೂಜಿಗೆ ನೂಲು ಪೋಣಿಸಿದಳು. ಹರಿದ ಅಂಚನ್ನು ಮೊಣಕಾಲ ಮೇಲೆ ಅಂಗೈಯಿಂದ ಒತ್ತಿ ನೇರ ಮಾಡಿ ಹೊಲಿಯತೊಡಗಿದಳು. ಸೇರಿಸಲು ಆಚೆ ಬದಿಯಲ್ಲಿ ಏನೂ ಇರಲಿಲ್ಲ.