ಲಡಾಖದ ಅಳತೆ

ಗುರುಪುತ್ರಪ್ಪನಿಗೆ ತನ್ನ ಮನೆಯಲ್ಲಿ ಕೂರಲು ಜಾಗ ಇರಲಿಲ್ಲ. ಜಗಲಿ ಅವನ ತಾಯಿ ಬಸವಣ್ಣೆವ್ವನದು. ಪಡಸಾಲೆಯಲ್ಲಿ ಹೆಂಡತಿ ಶಿವಬಸವ್ವನ ಹೊಲಿಗೆ ಮಷೀನು, ಬಟ್ಟೆಯ ಗಂಟುಗಳು. ಝಂಪರಿನ ಅಳತೆ ಕೊಡಲು ಹೆಣ್ಣುಮಕ್ಕಳು ಬಂದರೆ ಗಂಡಸು ಎದ್ದು ಹೊರಗೆ ನಡೆಯಬೇಕು. ಅಡಿಗೆಮನೆಯಲ್ಲಿ ದೇವರು. ಹದಿನೇಳು ವರ್ಷ ಮಿಲಿಟರಿ ಮೆಸ್ಸುಗಳಲ್ಲಿ ಅಡಿಗೆ ಮಾಡಿದವನು ಎಂಬತ್ಮೂರರ ದೀಪಾವಳಿ ಮುಗಿದ ಮೇಲೆ ಪೆನ್ಶನ್ ಪಡೆದು ಖಾನಾಪುರಕ್ಕೆ ಬಂದಿದ್ದ. ಅವನ ಕರಿಯ ಟ್ರಂಕು ಇನ್ನೂ ಹಗ್ಗ ಬಿಚ್ಚದೆ ಬಾಗಿಲ ಹಿಂದೆ ನಿಂತಿತ್ತು. ಅವನಿಗೆ ಉಳಿದದ್ದು ಹಿತ್ತಲು.

ಈಗ ಅಲ್ಲಿ, ತಾನೇ ಇಟ್ಟಂಗಿ ಪೇರಿಸಿ ಮಣ್ಣು ಮೆತ್ತಿ ಕಟ್ಟಿದ ಭಟ್ಟಿಯ ಮುಂದೆ ಕುಕ್ಕುರುಗಾಲಲ್ಲಿ ಕೂತು, ಒಳಗಿನ ತಗಡನ್ನು ಹೊರಗೆ ಎಳೆಯುತ್ತಿದ್ದ. ತಗಡಿನ ಮೇಲೆ ಸಣ್ಣ ಸಣ್ಣ ಮಣ್ಣಿನ ಕುಡಿಕೆಗಳು. ಒಂದೊಂದರಲ್ಲೂ ಒಂದೊಂದು ಕೇಕು ನೆತ್ತಿ ಸುಟ್ಟುಕೊಂಡು, ಅರ್ಧ ಕುಡಿಕೆಗೇ ಕೂತುಬಿಟ್ಟಿತ್ತು. ಒಂದನ್ನು ಅರಿವೆ ಒಗೆಯುವ ಕಲ್ಲಿನ ಮೇಲೆ ಬೋರಲು ಹಾಕಿದ. ಠಕ್ ಎಂದಿತು.

ಬಾಜು ಮನೆಯ ಮಾಯಪ್ಪ ಗೋಡೆಯ ಮೇಲಿಂದ ಇಣುಕಿದ. ಕುಡಿಕೆ ಮಾಡಿಕೊಟ್ಟ ಕುಂಬಾರ ಅವನೇ.

"ಸುಬೇದಾರ್ರ, ಇವತ್ತ ಎಷ್ಟ ಇಟ್ಟಂಗಿ ಸುಟ್ರಿ?"

"ಮೈದಾ ಖರಾಬ್ ಐತಿ ಮಾಯಪ್ಪ."

"ನಿನ್ನೆ ತತ್ತಿ ಖರಾಬ್ ಇದ್ದೂ. ಮೊನ್ನೆ ನನ್ನ ಕುಡಿಕಿ ಖರಾಬ್ ಇದ್ದೂ. ನಾಳೆ ಖಾನಾಪುರನ ಖರಾಬ್ ಐತಿ ಅಂತೀರಿ ನೋಡ್ರಿ."

"ಇವ ಸುಬೇದಾರ ಯಾವಾಗ ಆದ್ನೋ?" ಜಗಲಿಯಿಂದ ಬಸವಣ್ಣೆವ್ವ ಕೂಗಿದಳು. "ಲಿಂಗವಂತರ ಹೊಟ್ಟ್ಯಾಗ ಹುಟ್ಟಿ ಹಿತ್ತಲದಾಗ ತತ್ತಿ ಒಡ್ಯಾಕ ಹತ್ತ್ಯಾನ! ಗುರ್ಯಾ, ಅದರ ಒಂದ ಸಿಪ್ಪಿ ಹೊಸ್ತಲಾ ದಾಟಿ ಒಳಗ ಬಂದ್ರ ನಾ ಊಟಾ ಬಿಡ್ತೇನಿ."

ಶಿವಬಸವ್ವ ಹಲ್ಲಿನಲ್ಲಿ ದಾರ ಕಚ್ಚಿಕೊಂಡು ಹಿಂಬಾಗಿಲಲ್ಲಿ ನಿಂತಿದ್ದಳು. ಮಾಯಪ್ಪನ ಮಾತಿಗೆ ಅವಳಿಗೂ ನಗು ಬಂದಿತ್ತು. ಗಂಡನ ಬೆನ್ನು ನೋಡಿ ನಗಲಿಲ್ಲ.

ಶನಿವಾರದೊಳಗೆ ಕೇಕು ಸರಿ ಬರಬೇಕಿತ್ತು. ಬೆಳಗಾವಿಯ ಕ್ಯಾಂಪ್ ಭಾಗದಲ್ಲಿ ಲೋಬೋ ಎಂಬವರ ಬೇಕರಿ ಇತ್ತು. ಗುರುಪುತ್ರಪ್ಪ ಹೋಗಿ ಕೆಲಸ ಕೇಳಿದಾಗ ಮುದುಕ ಕನ್ನಡಕದ ಮೇಲಿಂದ ನೋಡಿ, ಮಿಲಿಟರಿ ಬಿಟ್ಟು ಬಂದವರೆಲ್ಲ ತಮಗೆ ಕೇಕು ಬರ್ತದೆ ಅಂತಲೇ ಹೇಳುತ್ತಾರೆ, ಶನಿವಾರ ಮಾಡಿ ತಂದು ತೋರಿಸು ಅಂದಿದ್ದ. ಅದಾಗದಿದ್ದರೆ ಪುಣೆ. ಅಲ್ಲಿ ಒಂದು ಕಾರಖಾನೆಯ ಗೇಟಿನಲ್ಲಿ ಹಳೆಯ ಜೊತೆಗಾರನೊಬ್ಬ ಅವನಿಗೆ ವಾಚಮನ್ ಕೆಲಸ ಹಿಡಿದಿಟ್ಟಿದ್ದ. ಟ್ರಂಕು ಅದಕ್ಕೇ ಬಿಚ್ಚಿರಲಿಲ್ಲ.

ಪುಣೆಯ ಮಾತು ಬಂದಾಗ ಶಿವಬಸವ್ವನಿಗೆ ಬೇಸರವಾಗಲಿಲ್ಲ. ಆಗಲಿಲ್ಲವಲ್ಲ ಎಂದು ಅವಳಿಗೇ ಸ್ವಲ್ಪ ಆಶ್ಚರ್ಯವಾಗಿತ್ತು. ಮದುವೆಯಾದಾಗಿನಿಂದ ಗಂಡನೆಂದರೆ ವರ್ಷಕ್ಕೆ ಎರಡು ತಿಂಗಳ ರಜೆ. ಬಂದಾಗ ಹೋಳಿಗೆ ಮಾಡುವುದು, ಹೋಗುವಾಗ ಚಕ್ಕುಲಿ ಕಟ್ಟಿ ಕೊಡುವುದು. ಮಕ್ಕಳಾಗಲಿಲ್ಲ, ಆ ಮಾತು ಮನೆಯಲ್ಲಿ ನಿಂತು ಬಹಳ ವರ್ಷಗಳಾಗಿದ್ದವು. ಉಳಿದ ಹತ್ತು ತಿಂಗಳು ಮನೆ ಅವಳ ಮಷೀನಿನ ಸದ್ದಿಗೆ ನಡೆಯುತ್ತಿತ್ತು. ಎಷ್ಟೊತ್ತಿಗೆ ಏಳಬೇಕು, ಯಾವತ್ತು ಸಂತೆಗೆ ಹೋಗಬೇಕು, ಶಹಾಪುರದ ಸೀರೆ ತಂದವಳಿಗೆ ಯಾವ ಬಣ್ಣದ ಅರಿವೆಯಲ್ಲಿ ಝಂಪರು ಹೊಲಿಯಬೇಕು, ಎಲ್ಲ ಅವಳದೇ. ಈಗ ಹಿತ್ತಲಿಗೆ ಹೋದರೆ ಅಲ್ಲೊಬ್ಬ ಗಂಡಸು ಕೂತಿರುತ್ತಿದ್ದ. ಕೆಟ್ಟವನಲ್ಲ. ಕುಡಿಯುತ್ತಿರಲಿಲ್ಲ, ಕೈ ಎತ್ತುತ್ತಿರಲಿಲ್ಲ. ಆದರೆ ಇರುತ್ತಿದ್ದ.

ಅವನು ಕೇಕು ಕಲಿತದ್ದು ಲಡಾಖದಲ್ಲಿ. ಅಲ್ಲಿಯ ಆಫೀಸರ ಮೆಸ್ಸಿನಲ್ಲಿ ಕೊನೆಯ ಆರು ವರ್ಷ ಇದ್ದ. ಆ ಕತೆಯನ್ನು ಓಣಿಗೆಲ್ಲ ಹೇಳಿದ್ದ. ಅಲ್ಲಿ ಅನ್ನ ಬೇಯುವುದಿಲ್ಲ, ಬೇಳೆಯಂತೂ ದಿನವಿಡೀ ಕುದ್ದರೂ ಕಲ್ಲು. ಕೆಳಗಿನವರು ಬರೆದುಕೊಟ್ಟ ಪ್ರಮಾಣದಲ್ಲಿ ಮೊದಲ ಸಲ ಕೇಕು ಇಟ್ಟಾಗ ಅದು ತಡೆಯುವವರೇ ಇಲ್ಲದ ಹೋರಿಯ ಹಾಗೆ ಮೇಲೆದ್ದು, ಧಪ್ಪೆಂದು ನಡು ಕುಸಿದು ಕೂತಿತ್ತಂತೆ. ಆಮೇಲೆ ಬೇಕಿಂಗ್ ಪೌಡರ್ ಅರ್ಧಕ್ಕೆ ಇಳಿಸಿದ, ಸಕ್ಕರೆ ಕಡಿಮೆ ಮಾಡಿದ, ಹಿಟ್ಟು ಒಂದು ಮುಷ್ಟಿ ಹೆಚ್ಚು ಹಾಕಿದ, ಬೆಂಕಿ ಜೋರು ಮಾಡಿದ. ದೊಡ್ಡ ಕೇಕು ಒಳಗೆ ಹಸಿಯೇ ಉಳಿಯುತ್ತಿದ್ದುದರಿಂದ ಸಣ್ಣ ತಗಡಿನ ಬಟ್ಟಲುಗಳಲ್ಲಿ ಹುಯ್ದ. ಒಂದು ಚಳಿಗಾಲ ಪೂರ್ತಿ ಕೆಡಿಸಿದ ಮೇಲೆ ಕಪ್ ಕೇಕು ನೆಟ್ಟಗೆ ಬಂತು. ಜನರಲ್ ಸಾಹೇಬರು ಎರಡು ತಿಂದರಂತೆ. ಬಟ್ಟಲು ಸರಕಾರದ್ದು, ಅಲ್ಲೇ ಬಿಟ್ಟು ಬಂದ. ಪ್ರಮಾಣ ಕೈಯಲ್ಲೇ ಕೂತಿತ್ತು; ಅದನ್ನು ತಂದಿದ್ದ.

ಮಧ್ಯಾಹ್ನ ಶಿವಬಸವ್ವ ಒಂದು ಝಂಪರಿಗೆ ಹುಕ್ಕು ಹಚ್ಚಲು ಕೂತಳು. ಹುಕ್ಕು ಇದ್ದದ್ದು ಒಂದು ಪ್ಲಾಸ್ಟಿಕ್ ಡಬ್ಬಿಯಲ್ಲಿ. ಗಂಡ ಲಡಾಖದಿಂದ ಒಣಗಿದ ಜರದಾಳು ಹಣ್ಣು ತುಂಬಿ ತಂದ ಡಬ್ಬಿ ಅದು. ಅವನು ಬಂದ ದಿನ ಚೀಲದಿಂದ ತೆಗೆದಾಗ ಅದರ ಎರಡೂ ಮಗ್ಗುಲು ಒಳಗೆ ಜಗ್ಗಿಕೊಂಡು ಹಸಿದ ನಾಯಿಯ ಹೊಟ್ಟೆಯ ಹಾಗೆ ಕಾಣುತ್ತಿತ್ತು. "ಯಾರ ಕುಂತಿದ್ರೋ ಇದರ ಮ್ಯಾಲ?" ಎಂದು ಬಸವಣ್ಣೆವ್ವ ಕೇಳಿದ್ದಳು. ಗುರುಪುತ್ರಪ್ಪ ಮುಚ್ಚಳ ತಿರುವಿದ. ಡಬ್ಬಿ ಉಸ್ಸೆಂದು ಉಸಿರೆಳೆದುಕೊಂಡು ಉಬ್ಬಿತು. "ಯಾರೂ ಕುಂತಿಲ್ಲಬೇ ಯವ್ವಾ. ಮ್ಯಾಲ ಗಾಳಿ ತೆಳ್ಳಗ, ಇಲ್ಲಿ ದಪ್ಪ. ಇಲ್ಲಿ ಗಾಳಿ ಹೊರಗಿಂದ ಒತ್ತೇತಿ" ಎಂದು ಹೆಮ್ಮೆಯಿಂದ ಹೇಳಿದ್ದ. ಒಂದು ಮಗ್ಗುಲಿನ ಮಡಿಕೆ ಇನ್ನೂ ಹಾಗೇ ಇತ್ತು.

ಶಿವಬಸವ್ವ ಆ ಮಡಿಕೆಯ ಮೇಲೆ ಬೆರಳಾಡಿಸಿದಳು. ಸೂಜಿ ಅರಿವೆಗೆ ಚುಚ್ಚಿ ಹಾಗೇ ಬಿಟ್ಟಳು. ಎದ್ದು ಹಿಂಬಾಗಿಲಿಗೆ ಹೋದಳು. ಗಂಡ ಹೊಸ ಹಿಟ್ಟು ಕಲೆಸುತ್ತಿದ್ದ. ಪೌಡರಿನ ಡಬ್ಬಿಗೆ ಚಮಚ ಹಾಕಿದ, ತುಂಬಿ ಬಂದದ್ದನ್ನು ಡಬ್ಬಿಯ ಅಂಚಿಗೆ ತಟ್ಟಿ ಅರ್ಧ ಉದುರಿಸಿದ. ನೋಡದೆಯೇ ಉದುರಿಸಿದ. ಆ ತಟ್ಟುವುದು ಅವನಿಗೆ ಗೊತ್ತಾಗುತ್ತಲೇ ಇರಲಿಲ್ಲ.

ಅವಳಿಗೆ ಗೊತ್ತಾಯಿತು. ತಿರುಗಿ ಬಂದು ಮಷೀನಿನ ಮುಂದೆ ಕೂತಳು. ಹೇಳಿದರೆ ಕೇಕು ಬರುತ್ತದೆ, ಕೇಕು ಬಂದರೆ ಲೋಬೋ ಇಟ್ಟುಕೊಳ್ಳುತ್ತಾನೆ. ಆಗ ಈ ಮನುಷ್ಯ ದಿನಾ ಸಂಜೆ ಬೆಳಗಾವಿಯಿಂದ ಮನೆಗೆ ಬರುತ್ತಾನೆ, ಎಲ್ಲ ದಿನವೂ, ಸಾಯುವ ತನಕ. ಹೇಳದಿದ್ದರೆ ಪುಣೆ. ಅವಳು ಹುಕ್ಕುಗಳನ್ನೆಲ್ಲ ಹಚ್ಚಿ ಮುಗಿಸಿದಳು. ಹೇಳಲಿಲ್ಲ.

ಸಂಜೆಯ ತಗಡೂ ಹಾಗೇ ಹೊರಬಂತು. ಮಾಯಪ್ಪ ಈ ಸಲ ಚೇಷ್ಟೆ ಮಾಡಲಿಲ್ಲ. ಅದು ಚೇಷ್ಟೆಗಿಂತ ಕೆಟ್ಟದಾಗಿತ್ತು. ಗುರುಪುತ್ರಪ್ಪ ಕೈಕಾಲು ತೊಳೆದು ಒಳಗೆ ಬಂದ. ನೀರಿನ ಕೊಡದ ಹತ್ತಿರ ನಿಂತ, ತಂಬಿಗೆಗೆ ಕೈ ಹಾಕಿ ಹಿಂದೆ ತೆಗೆದ.

"ಈ ಕೊಡದಾನ ನೀರು ಕುಡೀಲೇನು?" ಎಂದು ಕೇಳಿದ. "ಕುಡ್ಯಾಕ ಬ್ಯಾರೆ ಇಟ್ಟಿದ್ದಿ ಏನ?"

ಶಿವಬಸವ್ವ ಕತ್ತರಿ ಕೆಳಗಿಟ್ಟಳು. ಊರಿಗೆ ಬಂದ ಬಸ್ಸಿನ ಪ್ಯಾಸೆಂಜರ್ ಕೂಡ ಹೀಗೆ ಕೇಳುವುದಿಲ್ಲ; ಇದು ಅವನದೇ ಮನೆ.

"ಅಲ್ರೀ," ಅಂದಳು, "ಡಬ್ಬಿ ಒತ್ತಿದ ಗಾಳಿ ಕೇಕ ಒತ್ತೂದಿಲ್ಲೇನು?"

"ಏನು?"

"ಮ್ಯಾಲ ಒತ್ತಾವ್ರು ಇರಲಿಲ್ಲ, ಅದಕ್ಕ ಪೌಡರ್ ಅರ್ಧಾ ಮಾಡಿದ್ರಿ. ಇಲ್ಲಿ ಒತ್ತಾಕತ್ತೇತಿ, ಈಗೂ ಅರ್ಧಾನ ಹಾಕ್ತೀರಿ. ಅದ ಹ್ಯಾಂಗ ಏಳಬೇಕು?"

ಅವನ ಮುಖ ಕೆಂಪಾಯಿತು. "ನಿನಗೇನ ತಿಳಿತೈತಿ ಕೇಕಿನಾಗ? ಜನ್ಮದಾಗ ತತ್ತಿ ಮುಟ್ಟಿದಾಕಿ ಅಲ್ಲ ನೀ."

"ತತ್ತಿ ಮುಟ್ಟಿಲ್ಲ. ಅಳತಿ ಮುಟ್ಟೇನಿ. ಒಬ್ಬಾಕಿ ಮೈ ಅಳತಿ ಇಟಗೊಂಡು ಇನ್ನೊಬ್ಬಾಕಿಗೆ ಝಂಪರ್ ಹೊಲದ್ರ ತೋಳ ಹತ್ತತಾವೇನು?"

ಗುರುಪುತ್ರಪ್ಪ ತಂಬಿಗೆ ತುಂಬಿಕೊಂಡು ಗಟಗಟ ಕುಡಿದ. ಬಲಗೈಯನ್ನು ಮುಂದೆ ಹಿಡಿದು ಗಾಳಿಯಲ್ಲೇ ಚಮಚ ತಟ್ಟಿ ನೋಡಿದ. ಇನ್ನೊಮ್ಮೆ ತಟ್ಟಿದ.

"ಹೌದಲ್ಲ," ಅಂದ. "ಈ ಅರ್ಧಾ ಹಾಕೂದು ಎಲುಬಿನ್ಯಾಗ ಕುಂತಬಿಟ್ಟೈತಿ."

ಮರುದಿನ ಬೆಳಿಗ್ಗೆ ಅವನು ಹಿಟ್ಟನ್ನು ಮೂರು ಪಾಲು ಮಾಡಿದ. ಒಂದಕ್ಕೆ ಪೌಡರ್ ಒಂದು ಚಮಚ, ಒಂದಕ್ಕೆ ಒಂದೂವರೆ, ಒಂದಕ್ಕೆ ಎರಡು. ಯಾವುದು ಯಾವುದೆಂದು ಕಲಸಿಹೋಗಬಾರದೆಂದು ಶಿವಬಸವ್ವ ಬಟ್ಟೆಗೆ ಗೆರೆ ಹಾಕುವ ಸೀಮೆಸುಣ್ಣದ ಖಡು ತಂದು ಕುಡಿಕೆಗಳ ಹೊಟ್ಟೆಗೆ ಒಂದು, ಎರಡು, ಮೂರು ಗೆರೆ ಎಳೆದಳು. ಹಸಿ ಹಿಟ್ಟು ಬೆರಳಿಗೆ ತಾಗದಂತೆ ಕುಡಿಕೆಯ ಬುಡ ಮಾತ್ರ ಹಿಡಿದಳು. ಬೆಂಕಿಯೂ ಲಡಾಖದ ಅಳತೆಯದೇ ಎಂದು ಕೆಂಡ ಅರ್ಧ ಹೊರಗೆ ಎಳೆಸಿದಳು. ಭಟ್ಟಿಯ ಬಾಯಿಗೆ ಹಂಚು ಮುಚ್ಚಿ ಇಬ್ಬರೂ ಕಾದರು. ಒಬ್ಬರಿಗೊಬ್ಬರು ಹೇಳುವಂಥದ್ದು ಹೆಚ್ಚು ಇರಲಿಲ್ಲ. ಲಡಾಖದಲ್ಲಿ ಕಾಗೆ ಇರುತ್ತವೆಯೇ ಎಂದು ಅವಳು ಕೇಳಿದಳು. ಇರುತ್ತವೆ, ದೊಡ್ಡವು, ಕಾಲು ಕೆಂಪು ಅಂದ.

ಹಂಚು ಸರಿಸಿದಾಗ ಮೂರು ಗೆರೆಯವು ಉಕ್ಕಿ ತಗಡಿನ ಮೇಲೆ ಹರಿದಿದ್ದವು. ಒಂದು ಗೆರೆಯವು ಇನ್ನೂ ತಗ್ಗು. ಎರಡು ಗೆರೆಯವು ಕುಡಿಕೆಯ ಅಂಚು ದಾಟಿ, ನೆತ್ತಿ ದುಂಡಗಾಗಿ, ಹೊಂಬಣ್ಣಕ್ಕೆ ನಿಂತಿದ್ದವು. ಶಿವಬಸವ್ವ ಒಂದನ್ನು ಸೆರಗಿನಲ್ಲಿ ಹಿಡಿದು ಅಂಗೈ ಮೇಲೆ ತೂಗಿದಳು.

"ಹಗುರ ಐತಿ," ಅಂದಳು. ತಿನ್ನುವವಳಲ್ಲ, ಅಷ್ಟೇ ಹೇಳಬಲ್ಲವಳಾಗಿದ್ದಳು.

ರುಚಿ ನೋಡಿದವನು ಮಾಯಪ್ಪ. ಗೋಡೆ ಹತ್ತಿ ಕೂತು ಮೂರು ತಿಂದ.

"ಹ್ಯಾಂಗ ಆಗೇತಿ?"

"ಇನ್ನೊಂದ ಕೊಡ್ರಿ, ಹೇಳ್ತೇನಿ."

"ನನ್ನ ಮನಿಯಾಗ ಬರೇ ಕಳ್ಳರ ಕೂಡ್ಯಾರ," ಎಂದು ಜಗಲಿಯಿಂದ ಬಸವಣ್ಣೆವ್ವ ಅಂದಳು. ಆದರೆ ಮೂಗು ಹಿತ್ತಲ ಕಡೆಗೇ ಇತ್ತು.

ಶನಿವಾರ ಬೆಳಿಗ್ಗೆ ಬುಟ್ಟಿಯಲ್ಲಿ ಹುಲ್ಲು ಹಾಸಿ ಇಪ್ಪತ್ತನಾಲ್ಕು ಕುಡಿಕೆ ಜೋಡಿಸಿದರು. ಮೇಲೆ ಹಳೆಯ ಧೋತರ ಮುಚ್ಚಿದರು. ಕಟ್ಟಲು ಹಗ್ಗ ಸಿಗಲಿಲ್ಲ. ಅತ್ತ ಬಸ್ಸಿನ ಹೊತ್ತಾಗಿತ್ತು. ಗುರುಪುತ್ರಪ್ಪ ಹಿತ್ತಲೆಲ್ಲ ಹುಡುಕಿದ. ಶಿವಬಸವ್ವ ಬಾಗಿಲ ಹಿಂದೆ ಹೋಗಿ ಬಗ್ಗಿ, ಟ್ರಂಕಿನ ಗಂಟನ್ನು ಹಲ್ಲಿನಿಂದ ಸಡಿಲಿಸಿ ಬಿಚ್ಚಿದಳು. ಹಗ್ಗ ತಂದು ಅವನ ಕೈಗೆ ಕೊಟ್ಟಳು. ಅವನು ಹಗ್ಗ ನೋಡಿದ, ಅವಳನ್ನು ನೋಡಿದ, ಬುಟ್ಟಿ ಕಟ್ಟಿದ.

ಆ ದಿನ ಅವಳು ಒಂದು ತೋಳನ್ನು ತಿರುಗುಮುರುಗಾಗಿ ಹೊಲಿದು ಬಿಚ್ಚಿದಳು.

ದೀಪ ಹಚ್ಚುವ ಹೊತ್ತಿಗೆ ಅವನು ಬಂದ. ಮಷೀನಿನ ಹಲಗೆಯ ಮೇಲಿನ ಬಟ್ಟೆಗಳನ್ನು ಬಾಜು ಸರಿಸಿ ಬುಟ್ಟಿ ಇಟ್ಟ. ನೆಟ್ಟಗೆ ಒಳಗೆ ಹೋಗಿ ಕೊಡದಿಂದ ತಂಬಿಗೆ ತುಂಬಿ ಕುಡಿದ.

"ಏನಂದ್ನೋ ಆ ಲೋಬ್ಯಾ?" ಎಂದು ಬಸವಣ್ಣೆವ್ವ ಕೇಳಿದಳು.

"ಸಕ್ಕರಿ ಕಡಿಮಿ ಆಗೇತಿ ಅಂದ್ರು."

ಸಕ್ಕರೆಯ ಅಳತೆ ತಿದ್ದುವುದು ಯಾರಿಗೂ ಹೊಳೆದಿರಲಿಲ್ಲ.

"ಮತ್ತ?"

"ಸೋಮವಾರದಿಂದ ಬಾ ಅಂದ್ರು. ಕುಡಿಕಿ ತೊಗೊಂಡ ಬಾ ಅಂದ್ರು." ಅವನು ಪಡಸಾಲೆಗೆ ಬಂದು, ಹಗ್ಗವಿಲ್ಲದ ಟ್ರಂಕನ್ನು ಗೋಡೆಗೆ ಎಳೆದು ಅದರ ಮೇಲೆ ಕೂತ.

ಶಿವಬಸವ್ವ ಧೋತರ ಸರಿಸಿ ಎಣಿಸಿದಳು. ಇಪ್ಪತ್ತೊಂದು ಖಾಲಿ ಕುಡಿಕೆ ಇದ್ದವು. ಎರಡು ಬಸ್ಸಿನಲ್ಲಿ ಒಡೆದಿದ್ದವು, ಒಂದನ್ನು ಲೋಬೋ ಇಟ್ಟುಕೊಂಡಿದ್ದ. ಹಗ್ಗ ಬರುವಾಗ ಬಸ್ಸಿನಲ್ಲೇ ಉಳಿದಿತ್ತು. ಹೋದದ್ದು ಮೂರು ಕುಡಿಕೆ, ಒಂದು ಹಗ್ಗ.